ನಾರುಹುಣ್ಣು ನಮ್ಮ ಸೀಮೆ ಬಿಟ್ಟುಹೋದ ಬಗೆ



ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಮುತ್ಯಾ ಇದ್ದರೆ, ಆಯಿ ಇದ್ದರೆ, ಈ ದಿನ ಸಂಜೆ ಅವರ ಪಕ್ಕದಲ್ಲಿ ಕುಳಿತು ಒಂದು ಮಾತು ಕೇಳಿರಿ: "ನಾರುಹುಣ್ಣು ಅಂದರೆ ಏನು?" ಆ ಹೆಸರು ಕೇಳಿದ ಕೂಡಲೇ ಕೆಲವರ ಮುಖ ಬದಲಾದೀತು. ಕೆಲವರು ಪಂಚೆಯನ್ನು ಮೊಣಕಾಲಿಗೆ ಸರಿಸಿ ಹಳೆಯ ಕಲೆಯೊಂದನ್ನು ತೋರಿಸಿಯಾರು. ತೆಲುಗಿನವರು ಇದನ್ನೇ ನಾರಿಕುರುಪು ಎನ್ನುತ್ತಾರೆ. ಕನ್ನಡ, ತೆಲುಗು ಎರಡೂ ಆಡುವ ನಮ್ಮ ಕಡೆಯ ಹಿರಿಯರಿಗೆ ಎರಡು ಹೆಸರೂ ಗೊತ್ತು. ಆದರೆ ಈ ಶಾಲೆಯಲ್ಲಿ ಓದುತ್ತಿರುವ ನಿಮ್ಮಲ್ಲಿ ಒಬ್ಬರೂ ಅದನ್ನು ಕಣ್ಣಾರೆ ಕಂಡಿಲ್ಲ. ಇದು ಸಣ್ಣ ಸಂಗತಿಯಲ್ಲ. ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಮನುಷ್ಯನನ್ನು ಕಾಡಿದ ರೋಗವೊಂದು ನಮ್ಮ ದೇಶದಿಂದ ಪೂರ್ಣವಾಗಿ ಹೊರಟುಹೋಗಿದೆ.

ಇನ್ನೊಂದು ಆಶ್ಚರ್ಯವಿದೆ. ಈ ರೋಗಕ್ಕೆ ಅಂದೂ ಔಷಧಿ ಇರಲಿಲ್ಲ, ಇಂದೂ ಇಲ್ಲ. ತಡೆಯುವ ಲಸಿಕೆಯೂ ಇಲ್ಲ. ಹಾಗಾದರೆ ಅದು ಹೋದದ್ದು ಹೇಗೆ? ಆ ಕಥೆಯನ್ನು ತಿಳಿದುಕೊಳ್ಳೋಣ.

ಪರೋಪಜೀವಿ ಎಂದರೇನು?

ಮಾವಿನ ಮರದ ಮೇಲೆ ಬಂದಳಿಕೆ ಬೆಳೆದಿರುವುದನ್ನು ನೀವೆಲ್ಲರೂ ನೋಡಿದ್ದೀರಿ. ಅದು ತನ್ನ ಬೇರನ್ನು ನೆಲಕ್ಕೆ ಇಳಿಸುವುದಿಲ್ಲ. ಮಾವಿನ ಕೊಂಬೆಗೇ ಇಳಿಸಿ ಅಲ್ಲಿಂದ ರಸ ಹೀರುತ್ತದೆ. ಹೀಗೆ ಇನ್ನೊಂದು ಜೀವಿಯ ಮೇಲೆ ಅಥವಾ ಒಳಗೆ ನೆಲೆಸಿ, ಅದರಿಂದಲೇ ಆಹಾರ ಪಡೆಯುವ ಜೀವಿಗೆ ಪರೋಪಜೀವಿ ಎಂದು ಹೆಸರು. ಆಶ್ರಯ ಕೊಟ್ಟ ಜೀವಿಯನ್ನು ಆತಿಥೇಯ ಎನ್ನುತ್ತಾರೆ. ಕರೆಯದೆ ಬಂದ ಅತಿಥಿ, ಬೇಡವಾದ ಆತಿಥ್ಯ!

ಎತ್ತಿನ ಕಿವಿಯಲ್ಲಿ ಕಚ್ಚಿಕೊಂಡಿರುವ ಉಣ್ಣೆ, ತಲೆಯ ಹೇನು ಇವು ಹೊರಗಿನ ಪರೋಪಜೀವಿಗಳು. ಹೊಟ್ಟೆಯ ಜಂತುಹುಳು, ಲಾಡಿಹುಳು, ಕೊಕ್ಕೆಹುಳು ಇವು ಒಳಗಿನವು. ಮಲೇರಿಯಾ ಉಂಟುಮಾಡುವ ಜೀವಿಯಂತೂ ಸೂಕ್ಷ್ಮದರ್ಶಕವಿಲ್ಲದೆ ಕಾಣುವುದೇ ಇಲ್ಲ.

ಪರೋಪಜೀವಿಗೆ ಒಂದು ದೊಡ್ಡ ಕಷ್ಟವಿದೆ. ಒಬ್ಬ ಆತಿಥೇಯನಿಂದ ಇನ್ನೊಬ್ಬನಿಗೆ ಅದು ಹೇಗಾದರೂ ದಾಟಬೇಕು. ದಾಟಲಾರದಿದ್ದರೆ ಅದರ ಸಂತಾನ ಅಲ್ಲಿಗೇ ಮುಗಿಯಿತು. ಆದ್ದರಿಂದ ಪರೋಪಜೀವಿಯ ಬಲವೂ ಅದರ ದಾರಿಯಲ್ಲಿದೆ, ದೌರ್ಬಲ್ಯವೂ ಅದರ ದಾರಿಯಲ್ಲಿದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ನಾರುಹುಳುವಿನ ಸಂಸಾರ

ಬೇಸಗೆಯ ಒಂದು ಹಳೆಯ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಊರಿಗೊಂದು ಮೆಟ್ಟಿಲುಗಳಿರುವ ಬಾವಿ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಚೈತ್ರ, ವೈಶಾಖ ಬಂತೆಂದರೆ ನೀರು ತಳ ಸೇರುತ್ತದೆ. ಹೆಣ್ಣುಮಕ್ಕಳು ಕೊಡ ಹಿಡಿದು ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಕೊಡ ತುಂಬಿಕೊಂಡು ಬರುತ್ತಾರೆ. ಕಾಲು ತೊಳೆಯುವ ನೀರೂ ಅದೇ, ಕುಡಿಯುವ ನೀರೂ ಅದೇ.

ಆ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿಗಳಿರುತ್ತವೆ. ಗ್ರೀಕರ ಪುರಾಣದಲ್ಲಿ ಸೈಕ್ಲಾಪ್ಸ್ ಎಂಬ ಒಕ್ಕಣ್ಣಿನ ರಾಕ್ಷಸ ಬರುತ್ತಾನೆ. ಈ ನೀರುಹುಳಕ್ಕೂ ಒಂದೇ ಕಣ್ಣು, ಆದ್ದರಿಂದ ಆ ಹೆಸರು. ಉದ್ದ ಸುಮಾರು 1 ರಿಂದ 2 ಮಿಲಿಮೀಟರ್ ಮಾತ್ರ. ನೀರನ್ನು ಗಾಜಿನ ಲೋಟದಲ್ಲಿ ಹಾಕಿ ಬಿಸಿಲಿಗೆ ಹಿಡಿದರೆ, ಕುಪ್ಪಳಿಸುವ ಬಿಳಿ ಚುಕ್ಕೆಗಳಂತೆ ಬರಿಗಣ್ಣಿಗೂ ಕಾಣಬಹುದು. ಈ ಸೈಕ್ಲಾಪ್ಸಿನ ಹೊಟ್ಟೆಯಲ್ಲಿ ನಾರುಹುಳುವಿನ ಮರಿ ಇದ್ದರೆ, ಆ ನೀರನ್ನು ಕುಡಿದವರಿಗೆ ಅಪಾಯ.

ನಮ್ಮ ಜಠರದ ಆಮ್ಲರಸಕ್ಕೆ ಸಿಕ್ಕಿ ಸೈಕ್ಲಾಪ್ಸ್ ಸಾಯುತ್ತದೆ. ಆದರೆ ಒಳಗಿದ್ದ ಮರಿಹುಳು ಸಾಯುವುದಿಲ್ಲ. ಅದು ಹೊರಬಂದು, ಕರುಳಿನ ಗೋಡೆಯನ್ನು ಕೊರೆದು, ದೇಹದ ಒಳಭಾಗಕ್ಕೆ ಹೋಗುತ್ತದೆ. ಅಲ್ಲಿ ಗಂಡು ಹೆಣ್ಣು ಕೂಡುತ್ತವೆ. ಗಂಡುಹುಳು ಚಿಕ್ಕದು, ಕೂಡಿದ ಬಳಿಕ ಸಾಯುತ್ತದೆ. ಹೆಣ್ಣುಹುಳು ಮಾತ್ರ ಚರ್ಮದ ಕೆಳಗೆ ಮೆಲ್ಲಮೆಲ್ಲನೆ ಬೆಳೆಯುತ್ತ ಹೋಗುತ್ತದೆ. ದಪ್ಪ ಹೊಲಿಗೆಯ ದಾರದಷ್ಟು, ಉದ್ದವೋ ಸುಮಾರು ಒಂದು ಮೀಟರಿನ ತನಕ! ಇಷ್ಟಾದರೂ ಆ ಮನುಷ್ಯನಿಗೆ ಏನೂ ತಿಳಿಯುವುದಿಲ್ಲ. ಹೀಗೆ ಸುಮಾರು ಒಂದು ವರ್ಷ ಕಳೆಯುತ್ತದೆ.

ವರ್ಷ ತುಂಬುವ ಹೊತ್ತಿಗೆ ಹುಳು ಚರ್ಮದ ಬಳಿ ಬರುತ್ತದೆ. ಹೆಚ್ಚಾಗಿ ಬರುವುದು ಮೊಣಕಾಲಿನ ಕೆಳಗೆ. ಅಲ್ಲಿ ಬೊಬ್ಬೆ ಏಳುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿನಲ್ಲಿ ಇಡುತ್ತಾನೆ. ಹುಳುವಿಗೆ ಬೇಕಾದದ್ದೂ ಅದೇ! ನೀರು ತಾಗಿದ ಕೂಡಲೇ ಬೊಬ್ಬೆ ಒಡೆದು, ಹುಳು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ನುಂಗುತ್ತದೆ. ಅದರೊಳಗೆ ಸುಮಾರು ಎರಡು ವಾರ ಬೆಳೆದು ಮರಿಗಳು ಸಿದ್ಧವಾಗುತ್ತವೆ. ಆ ನೀರನ್ನು ಇನ್ನೊಬ್ಬರು ಕುಡಿಯುತ್ತಾರೆ. ಚಕ್ರ ಒಂದು ಸುತ್ತು ತಿರುಗಿತು.

ಹುಣ್ಣಿನಿಂದ ನಾರಿನಂತೆ ಹೊರಗೆ ಇಣುಕುವ ಹುಳುವನ್ನು ಒಂದೇ ಸಲ ಎಳೆಯುವಂತಿಲ್ಲ. ತುಂಡಾದರೆ ಒಳಗೆ ಉಳಿದದ್ದು ಬಾತು, ಕೀವಾಗಿ, ಇನ್ನೂ ಹೆಚ್ಚಿನ ಕಷ್ಟ. ಆದ್ದರಿಂದ ಹುಳುವಿನ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ವಾರಗಟ್ಟಲೆ ಹೊರಗೆಳೆಯುತ್ತಿದ್ದರು. ಸಾವಿರಾರು ವರ್ಷಗಳ ಹಿಂದಿನ ಜನ ಮಾಡುತ್ತಿದ್ದ ಚಿಕಿತ್ಸೆಯೂ ಇದೇ. ಈಜಿಪ್ಟಿನ ಸುಮಾರು 3000 ವರ್ಷ ಹಳೆಯ ಹುಡುಗಿಯೊಬ್ಬಳ ಮಮ್ಮಿಯಲ್ಲಿ ಸುಣ್ಣಗಟ್ಟಿದ ನಾರುಹುಳು ದೊರೆತಿದೆ.

ಈ ರೋಗ ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ, ಆದರೆ ಜೀವನ ಕೆಡಿಸುತ್ತದೆ. ಬೇಸಗೆಯಲ್ಲಿ ಕುಡಿದ ನೀರಿನ ಫಲ ಮರುವರ್ಷದ ಬೇಸಗೆಯಲ್ಲಿ ಕಾಣುತ್ತಿತ್ತು. ಮುಂಗಾರಿನ ಬಿತ್ತನೆ ಎದುರಿಗೆ ಬಂದಾಗ ರೈತ ಮಂಚ ಹಿಡಿಯುತ್ತಿದ್ದ. ತಾಯಿ ಮಲಗಿದರೆ ಮನೆಗೆಲಸ ಮಗಳ ಪಾಲಿಗೆ ಬಂದು ಅವಳ ಶಾಲೆ ನಿಲ್ಲುತ್ತಿತ್ತು. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇರಲಿಲ್ಲ. ಪೂರ್ವಜನ್ಮದ ಪಾಪವೆಂದು, ದೇವರ ಮುನಿಸೆಂದು ಜನ ತಿಳಿದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಕುಡಿದ ನೀರಿಗೂ ಒಂದು ವರ್ಷದ ಮೇಲೆ ಏಳುವ ಹುಣ್ಣಿಗೂ ಇರುವ ಸಂಬಂಧ ಯಾರ ಕಣ್ಣಿಗೆ ತಾನೆ ಕಂಡೀತು?

ದಾರಿ ಹುಡುಕಿದವರು

ಆ ಸಂಬಂಧವನ್ನು ಕಂಡ ಮೊದಲ ವಿಜ್ಞಾನಿ ರಷ್ಯಾದ ಅಲೆಕ್ಸಿ ಫೆಡ್‌ಚೆಂಕೊ. 1870ರ ಸುಮಾರಿಗೆ ಮಧ್ಯ ಏಷ್ಯಾದ ತುರ್ಕಿಸ್ತಾನದಲ್ಲಿ ಅವನು ನಾರುಹುಳುವಿನ ಮರಿಗಳು ಸೈಕ್ಲಾಪ್ಸಿನೊಳಗೆ ಸೇರಿ ಬೆಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಅಂದಿನಿಂದ ನೀರಿನ ಮೇಲೆ ಸಂಶಯ ಬಿತ್ತು. ಮುಂದೆ ಬ್ರಿಟನ್ನಿನ ರಾಬರ್ಟ್ ಲೀಪರ್ 1905ರಲ್ಲಿ ಪಶ್ಚಿಮ ಆಫ್ರಿಕಕ್ಕೆ ಹೋಗಿ ಈ ರೋಗವನ್ನು ಅಭ್ಯಾಸ ಮಾಡಿದನು. ಸೈಕ್ಲಾಪ್ಸ್ ಇರುವ ನೀರಿಗೆ ಜಠರದಲ್ಲಿರುವಂಥ ತೆಳು ಆಮ್ಲವನ್ನು ಬೆರೆಸಿದಾಗ, ಸೈಕ್ಲಾಪ್ಸ್ ಸತ್ತು ಮರಿಹುಳು ಚುರುಕಾಗಿ ಹೊರಬರುವುದನ್ನು ಅವನು ತೋರಿಸಿದನು. ಮರಿಹುಳುವಿರುವ ಸೈಕ್ಲಾಪ್ಸನ್ನು ಕೋತಿಗೆ ತಿನ್ನಿಸಿದಾಗ, ಕೆಲವು ತಿಂಗಳ ಮೇಲೆ ಅದರ ದೇಹದಲ್ಲಿ ನಾರುಹುಳುಗಳು ದೊರೆತವು.

ದಾರಿಯ ದೊಡ್ಡ ತಿರುವುಗಳು ಗೊತ್ತಾದವು. ಆದರೆ ನಮ್ಮ ದೇಶದ ಬಾವಿಗಳಲ್ಲಿ ನಡೆಯುವುದೂ ಇದೇ ಏನು? ಯಾವ ಉಪಾಯದಿಂದ ಇದನ್ನು ತಡೆಯಬಹುದು? ಇದಕ್ಕೆ ಉತ್ತರ ಹುಡುಕುವ ಕೆಲಸವನ್ನು ಕನ್ನಡ ನಾಡಿನಲ್ಲೇ ಒಬ್ಬರು ಮಾಡಿದರು.

ಚಿತ್ರದುರ್ಗದ ಬಾವಿಗಳಲ್ಲಿ

ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳು ಅಂದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಚಿತ್ರದುರ್ಗ ಮೈಸೂರು ಸಂಸ್ಥಾನದಲ್ಲಿತ್ತು. ಆಳುವವರು ಬೇರೆಯಾದರೂ ನೆಲದ ಗುಣ ಒಂದೇ. ಅದೇ ದಕ್ಷಿಣದ ಪ್ರಸ್ಥಭೂಮಿ, ಅದೇ ಬಂಡೆಗಲ್ಲು, ಅದೇ ಕಡಿಮೆ ಮಳೆ, ಅದೇ ಮೆಟ್ಟಿಲು ಬಾವಿ. ನಾರುಹುಣ್ಣಿನ ಕಾಟವೂ ಅಲ್ಲಿತ್ತು.

ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯಲ್ಲಿದ್ದ ವಿ. ಎನ್. ಮೂರ್ತಿ ಅವರು 1930ರ ದಶಕದಲ್ಲಿ ಚಿತ್ರದುರ್ಗ ಜಿಲ್ಲೆಯ ನಾರುಹುಣ್ಣನ್ನು ತಮ್ಮ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡರು. ರೋಗ ತಡೆಯುವ ಬಗ್ಗೆ ಅಲ್ಲಿ ನಡೆಸಿದ ಪ್ರಯೋಗದ ವರದಿಯನ್ನು 1932ರಲ್ಲಿ ಪ್ರಕಟಿಸಿದರು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಪರವಾಗಿ ಮೈಸೂರಿನಲ್ಲಿ ಕೆಲಸ ಮಾಡುತ್ತಿದ್ದ ಡಬ್ಲ್ಯು. ಸಿ. ಸ್ವೀಟ್ ಅವರು ಮುಂದಿನ ಹಲವು ಪ್ರಯೋಗಗಳಲ್ಲಿ ಜೊತೆಗೂಡಿದರು.

ಮೂರ್ತಿಯವರ ಕೆಲಸದಲ್ಲಿ ಮೂರು ಮುಖ್ಯ ಭಾಗಗಳನ್ನು ನಾವು ಕಾಣಬಹುದು.

ಮೊದಲನೆಯದು, ಬಾವಿಯ ನೀರಿನ ಪರೀಕ್ಷೆ. ಪ್ರಯೋಗಶಾಲೆಯಲ್ಲಿ ಸೈಕ್ಲಾಪ್ಸಿಗೆ ಮರಿಹುಳುವನ್ನು ಉಣಿಸುವುದು ಒಂದು ಮಾತು. ಜನ ಕುಡಿಯುವ ಬಾವಿಯಲ್ಲೇ ಮರಿಹುಳುವಿರುವ ಸೈಕ್ಲಾಪ್ಸನ್ನು ಹುಡುಕಿ ತೋರಿಸುವುದು ಇನ್ನೊಂದು ಮಾತು. ಮೂರ್ತಿ ಮತ್ತು ಸ್ವೀಟ್ ಇದನ್ನು 1936ರಲ್ಲಿ ವರದಿ ಮಾಡಿದರು. ಸೈಕ್ಲಾಪ್ಸಿನೊಳಗೆ ಮರಿಹುಳು ಹಂತಹಂತವಾಗಿ ಹೇಗೆ ಬೆಳೆಯುತ್ತದೆಂಬುದನ್ನು ಮೂರ್ತಿಯವರು 1938ರಲ್ಲಿ ವಿವರಿಸಿದರು.

ಎರಡನೆಯದು, ನಾಯಿಗಳ ಮೇಲಿನ ಪ್ರಯೋಗ. ಮನುಷ್ಯನ ದೇಹದೊಳಗೆ ಹುಳು ಒಂದು ವರ್ಷ ಏನು ಮಾಡುತ್ತದೆಂಬುದನ್ನು ನೋಡುವ ಉಪಾಯವಿರಲಿಲ್ಲ. ಗೊತ್ತಿದ್ದೂ ಮನುಷ್ಯನಿಗೆ ರೋಗ ಕೊಡುವುದು ಧರ್ಮವಲ್ಲ. ಆದ್ದರಿಂದ ಮರಿಹುಳುವಿರುವ ಸೈಕ್ಲಾಪ್ಸನ್ನು ನಾಯಿಗಳಿಗೆ ಕೊಟ್ಟು ನೋಡಿದರು. ನಾಯಿಗಳಲ್ಲಿಯೂ ನಾರುಹುಳು ಬೆಳೆಯಿತು. ಈ ಪ್ರಯೋಗಗಳ ವರದಿ 1936ರಲ್ಲಿ ಒಮ್ಮೆ, 1938ರಲ್ಲಿ ಮತ್ತೊಮ್ಮೆ ಹೊರಬಂದಿತು. ನಡುವೆ 1937ರಲ್ಲಿ ಮೂರ್ತಿಯವರು ಹುಳುವಿನ ದೇಹರಚನೆಯನ್ನು ಹೊಸದಾಗಿ ವಿವರಿಸಿ ಬರೆದರು. ಆ ಮೂಕ ಪ್ರಾಣಿಗಳ ಋಣ ನಮ್ಮ ಮೇಲಿದೆ ಎಂಬುದನ್ನೂ ಮರೆಯಬಾರದು. ಈ ನಾಯಿಗಳ ಸಂಗತಿ ಮುಂದೆ ಮತ್ತೆ ಬರುತ್ತದೆ.

ಮೂರನೆಯದು ಬಹು ಸೊಗಸಾದ ಉಪಾಯ. ಸೈಕ್ಲಾಪ್ಸನ್ನು ತಿನ್ನುವವರು ಯಾರು? ಮೀನುಗಳು! ಬಾರ್ಬಸ್ ಜಾತಿಯ ಸಣ್ಣ ಮೀನುಗಳನ್ನು ಮೆಟ್ಟಿಲು ಬಾವಿಗಳಿಗೆ ಬಿಟ್ಟು ನೋಡಿದರು. ಮೀನು ಸೈಕ್ಲಾಪ್ಸನ್ನು ತಿಂದರೆ ಮರಿಹುಳುವಿಗೆ ವಾಹನವೇ ಇಲ್ಲದಂತಾಗುತ್ತದೆ. ಜೀವಿಯಿಂದಲೇ ಜೀವಿಯನ್ನು ಹತೋಟಿಗೆ ತರುವ ಈ ವಿಧಾನವನ್ನು ಅವರು 1936ರಲ್ಲಿ ವಿದ್ವಾಂಸರ ಮುಂದಿಟ್ಟರು. ಬಾವಿಗೆ ವಿಷ ಹಾಕಲಿಲ್ಲ, ಹೆಚ್ಚು ಹಣವನ್ನೂ ಬೇಡಲಿಲ್ಲ. ಹಳ್ಳಿಯ ಬಾವಿಯೇ ಪ್ರಯೋಗಶಾಲೆ, ಹಳ್ಳಕೊಳ್ಳದ ಮೀನೇ ಔಷಧಿ.

ಸರಪಳಿಯ ಒಂದು ಕೊಂಡಿ

ಈಗ ಮೊದಲು ಹೇಳಿದ ಮಾತನ್ನು ನೆನಪಿಸಿಕೊಳ್ಳಿರಿ. ಪರೋಪಜೀವಿಯ ದೌರ್ಬಲ್ಯ ಅದರ ದಾರಿಯಲ್ಲಿದೆ. ನಾರುಹುಳುವಿನ ದಾರಿ ಒಂದು ಸರಪಳಿ: ಹುಣ್ಣು, ನೀರು, ಸೈಕ್ಲಾಪ್ಸ್, ಬಾಯಿ, ಮತ್ತೆ ಹುಣ್ಣು. ಇದರಲ್ಲಿ ಒಂದು ಕೊಂಡಿ ತುಂಡಾದರೂ ಸರಪಳಿ ಬಿತ್ತು. ಹುಳುವನ್ನು ಕೊಲ್ಲುವ ಮದ್ದೇ ಬೇಕಾಗಿಲ್ಲ.

ಸ್ವಾತಂತ್ರ್ಯಾನಂತರ, 1983-84ರಲ್ಲಿ, ಭಾರತ ಸರ್ಕಾರ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ದಿಲ್ಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ಇದರ ಹೊಣೆ ಹೊತ್ತಿತು. ಆಗ ಏಳು ರಾಜ್ಯಗಳ 89 ಜಿಲ್ಲೆಗಳಲ್ಲಿ ಈ ರೋಗವಿತ್ತು. ಕರ್ನಾಟಕವೂ, ನಾವು ಆಗ ಸೇರಿದ್ದ ಆಂಧ್ರಪ್ರದೇಶವೂ ಆ ಏಳರಲ್ಲಿದ್ದವು. 1984ರಲ್ಲಿ ಲೆಕ್ಕ ಹಾಕಿದಾಗ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು.

ಮಾಡಿದ ಕೆಲಸಗಳು ಇವು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಹುಣ್ಣಿಗೆ ಪಟ್ಟಿ ಕಟ್ಟಿ, ಗುಣವಾಗುವ ತನಕ ಬಾವಿಗೆ ಇಳಿಯಬಾರದೆಂದು ತಿಳಿಸಿದರು. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ, ಹಗ್ಗ ಹಾಕಿ ಸೇದುವ ಬಾವಿಗಳನ್ನಾಗಿ ಮಾಡಿದರು. ಊರೂರಿಗೆ ಬೋರಿಂಗ್ ಹಾಕಿಸಿದರು. ಸೈಕ್ಲಾಪ್ಸ್ ಇರುವ ನೀರಿಗೆ ಟೆಮಿಫಾಸ್ ಎಂಬ ರಾಸಾಯನಿಕವನ್ನು ಲೀಟರಿಗೆ 1 ಮಿಲಿಗ್ರಾಂ ಪ್ರಮಾಣದಲ್ಲಿ ಬೆರೆಸಿದರು. ಎಲ್ಲಕ್ಕಿಂತ ಅಗ್ಗವಾದ ಉಪಾಯವೊಂದಿತ್ತು: ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು!

ನಾರಾಯಣಪೇಟೆಯ ಸೀರೆ, ಗದ್ವಾಲದ ಸೀರೆ ಎಂದರೆ ದೇಶದಲ್ಲೆಲ್ಲ ಹೆಸರು. ಒತ್ತಾಗಿ ನೇಯ್ದ ಹತ್ತಿಬಟ್ಟೆಯ ಬೆಲೆ ನಮ್ಮವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಂಥ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಹಾಕಿದರೆ, ಸೈಕ್ಲಾಪ್ಸ್ ಮೇಲೆಯೇ ಉಳಿಯುತ್ತದೆ. ಬಟ್ಟೆಗೆ ತೂತು ಇರಬಾರದು. ಯಾವಾಗಲೂ ಒಂದೇ ಮೈ ಮೇಲಿರಬೇಕು. ಮಗುಚಿ ಕಟ್ಟಿದರೆ ಹಿಂದಿನ ದಿನ ಸಿಕ್ಕಿಬಿದ್ದ ಹುಳ ಇಂದಿನ ನೀರಿಗೆ ಬೀಳುತ್ತದೆ. ಸಂಶೋಧಕರು ನೂರು ವರ್ಷಗಳಲ್ಲಿ ಕಂಡುಕೊಂಡ ದಾರಿಯನ್ನು ಒಂದು ಮೊಳ ಬಟ್ಟೆ ಕಡಿದುಹಾಕಬಲ್ಲದು. ಆದರೆ ದಾರಿ ಗೊತ್ತಿಲ್ಲದಿದ್ದರೆ ಆ ಬಟ್ಟೆಯನ್ನು ಎಲ್ಲಿ ಕಟ್ಟಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಫಲ ಬೇಗ ಕಂಡಿತು. ವರ್ಷದಿಂದ ವರ್ಷಕ್ಕೆ ರೋಗಿಗಳ ಸಂಖ್ಯೆ ಇಳಿಯಿತು. 1996ರಲ್ಲಿ ಇಡೀ ದೇಶದಲ್ಲಿ ಉಳಿದದ್ದು ಕೇವಲ 9 ಮಂದಿ. ಆ ವರ್ಷದ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡ ರೋಗಿಯೇ ಕೊನೆಯದು. ಮುಂದೆ ಮೂರು ವರ್ಷ ಹುಡುಕಿದರೂ ಇನ್ನೊಬ್ಬರು ಸಿಗಲಿಲ್ಲ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಇಲ್ಲದ ದೇಶವೆಂದು ಸಾರಿತು.

ನಾಯಿಯ ಪ್ರಶ್ನೆ

ಕಥೆ ಇಲ್ಲಿಗೆ ಮುಗಿಯಿತೆಂದು ತಿಳಿಯಬೇಡಿರಿ. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗೆ ಈ ರೋಗವಿತ್ತೆಂದು ಅಂದಾಜು. 2023ರಲ್ಲಿ ಆ ಸಂಖ್ಯೆ 14ಕ್ಕೆ ಇಳಿದಿತ್ತು. ಲಕ್ಷಗಳಿಂದ ಬೆರಳೆಣಿಕೆಗೆ! ಸಿಡುಬಿನ ನಂತರ ಭೂಮಿಯಿಂದಲೇ ಅಳಿಯುವ ಎರಡನೆಯ ಮನುಷ್ಯರೋಗ ಇದಾದೀತೆಂದು ಎಲ್ಲರೂ ನಿರೀಕ್ಷಿಸಿದ್ದರು. ಆಗ ಎದುರಾದದ್ದು ನಾಯಿ.

ಆಫ್ರಿಕದ ಚಾಡ್ ದೇಶದಲ್ಲಿ 2012ರಿಂದ ನಾಯಿಗಳ ಮೈಯಿಂದ ನಾರುಹುಳು ಹೊರಬರುವುದು ಕಂಡಿತು. ಮನುಷ್ಯರಲ್ಲಿ ಕಾಣುವ ಹುಳುವೇ ಅದು ಎಂದು ಪರೀಕ್ಷೆಗಳಿಂದ ತಿಳಿಯಿತು. ನದಿಯ ದಡದಲ್ಲಿ ಬಿಸಾಡಿದ ಹಸಿಮೀನಿನ ಕರುಳನ್ನು ತಿಂದು ನಾಯಿಗಳಿಗೆ ಸೋಂಕು ತಗಲುತ್ತಿರಬಹುದೆಂದು ವಿಜ್ಞಾನಿಗಳು ಹೇಳುತ್ತಾರೆ. ಇಥಿಯೋಪಿಯದಲ್ಲಿ ಬಬೂನ್ ಎಂಬ ಕೋತಿಗಳಲ್ಲೂ ಹುಳು ಕಂಡುಬಂದಿದೆ. ಮನುಷ್ಯನಿಗೆ ನೀರನ್ನು ಸೋಸಿ ಕುಡಿ ಎಂದು ಹೇಳಬಹುದು. ನಾಯಿಗೆ ಹೇಳುವುದು ಹೇಗೆ? ಈಗ ಅಲ್ಲಿನ ಹಳ್ಳಿಗರು ಹುಳುವಿರುವ ನಾಯಿಗಳನ್ನು ಕಟ್ಟಿಹಾಕಿ ನೀರಿಗಿಳಿಯದಂತೆ ಕಾಯುತ್ತಿದ್ದಾರೆ, ಮೀನಿನ ಕರುಳನ್ನು ಮಣ್ಣಿನಲ್ಲಿ ಹೂಳುತ್ತಿದ್ದಾರೆ. ಕೊನೆಯ ಹುಳು ಅಳಿಯುವ ಗುರಿಯನ್ನು 2030ಕ್ಕೆ ಇಟ್ಟುಕೊಳ್ಳಲಾಗಿದೆ.

ನಾಯಿಯ ದೇಹದಲ್ಲಿ ಈ ಹುಳು ಬೆಳೆಯಬಲ್ಲುದೆಂದು ಮೂರ್ತಿ ಮತ್ತು ಸ್ವೀಟ್ 1936ರಲ್ಲೇ ಬರೆದಿಟ್ಟಿದ್ದರು. ಚಿತ್ರದುರ್ಗದ ಬಾವಿಗಳ ಬದಿಯಲ್ಲಿ ಆರಂಭವಾದ ಕೆಲಸ ಸುಮಾರು 80 ವರ್ಷಗಳ ಮೇಲೆ ಚಾಡ್ ದೇಶದ ಪ್ರಶ್ನೆಗೆ ಸಂಬಂಧಪಟ್ಟಿತು. ಪ್ರಾಣಿಗಳ ರೋಗ, ಮನುಷ್ಯರ ರೋಗ ಎಂದು ನಾವು ಪುಸ್ತಕದಲ್ಲಿ ಬೇರೆ ಬೇರೆ ಪಾಠ ಮಾಡುತ್ತೇವೆ. ಹುಳುವಿಗೆ ಆ ಭೇದವಿಲ್ಲ.

ನಮ್ಮ ಪಾಲಿನ ಕೆಲಸ

ಇಂದು ನಮ್ಮ ಊರುಗಳಿಗೆ ಮಿಷನ್ ಭಗೀರಥದ ನಲ್ಲಿನೀರು ಬಂದಿದೆ. ಮೆಟ್ಟಿಲು ಬಾವಿಗೆ ಇಳಿದು ಕುಡಿಯುವ ನೀರು ತರುವ ಕಾಲ ಹೋಯಿತು. ಆದರೂ ಬೇರೆ ಪರೋಪಜೀವಿಗಳು ನಮ್ಮನ್ನು ಬಿಟ್ಟಿಲ್ಲ. ಅವುಗಳ ದಾರಿಯನ್ನೂ ಹೀಗೆಯೇ ಅಭ್ಯಾಸ ಮಾಡಿರಿ. ಕೊಕ್ಕೆಹುಳುವಿನ ಮರಿ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಬರಿಗಾಲಿಗೆ ಬರುತ್ತದೆ. ಹಾಗಾದರೆ ಶೌಚಾಲಯವೂ ಕಾಲಿಗೆ ಚಪ್ಪಲಿಯೂ ಅದರ ಕೊಂಡಿಯನ್ನು ಮುರಿಯುತ್ತವೆ. ಜಂತುಹುಳುವಿನ ಮೊಟ್ಟೆ ಕೊಳೆಯಾದ ಕೈಯಿಂದ, ತೊಳೆಯದ ಕಾಯಿಪಲ್ಲೆಯಿಂದ ಬಾಯಿಗೆ ಹೋಗುತ್ತದೆ. ಹಾಗಾದರೆ ಸಾಬೂನು ಸಾಕು. ಮಲೇರಿಯಾ ಬರುವುದು ಸೊಳ್ಳೆಯಿಂದ. ಹಾಗಾದರೆ ಮನೆಯ ಸುತ್ತ ನಿಂತ ನೀರನ್ನು ಚೆಲ್ಲಿರಿ. ಶಾಲೆಯಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ಕಿಟಕಿಯಿಂದ ಹೊರಗೆ ಎಸೆಯದೆ, ಗುರುಗಳ ಮುಂದೆಯೇ ಅಗಿದು ನುಂಗಿರಿ.

ಪಾಲಕರಲ್ಲಿ ಒಂದು ವಿನಂತಿ. ಮಕ್ಕಳು "ಇದು ಏಕೆ? ಅದು ಹೇಗೆ ಬಂತು?" ಎಂದು ಕೇಳಿದಾಗ ಗದರಿಸಬೇಡಿರಿ. ನಾರುಹುಣ್ಣನ್ನು ಓಡಿಸಿದ್ದು ಅಂಥ ಪ್ರಶ್ನೆಯೇ. ಮನೆಯ ಹಿರಿಯರ ಕಾಲ ಮೇಲೆ ಆ ಹಳೆಯ ಕಲೆಯಿದ್ದರೆ ಅದನ್ನು ಮಕ್ಕಳಿಗೆ ತೋರಿಸಿರಿ, ಅಂದಿನ ಕಷ್ಟವನ್ನು ಹೇಳಿರಿ. ಯಾವುದರಿಂದ ಪಾರಾಗಿ ಬಂದಿದ್ದೇವೆಂದು ತಿಳಿದ ಮಗು, ಒಂದು ಲೋಟ ಶುದ್ಧ ನೀರಿನ ಬೆಲೆಯನ್ನು ಎಂದೂ ಮರೆಯುವುದಿಲ್ಲ.